‘ಲಾ ಬಯಾದೇರ್’ ಮುಟ್ಟಬೇಡಿ ಅನ್ನೋರಿಗೆ

ನಿನ್ನೆ, ಭಾರತದ ದೇವದಾಸಿಯೊಬ್ಬಳ ಕಥೆಯ ‘ಲಾ ಬಯಾದೇರ್’ ಬ್ಯಾಲೆಯ ರೆಕಾರ್ಡಿಂಗ್ ನೋಡಿ ಎದ್ದೆವು. ಪಕ್ಕದ ಮಹಾಶಯರೊಬ್ಬರು, "ಇದು ಕಾಲಾತೀತ. ಈಗಿನವರು ಇದನ್ನ ಮುಟ್ಟಲೇಬಾರದು" ಅಂದರು. ನನಗೆ ಊಟ ಸೇರಲಿಲ್ಲ.

ಯಾವ ‘ಇದು’ ಸ್ವಾಮಿ? 1877ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೃತ್ಯ ನಿರ್ದೇಶಕ ಪೆಟಿಪಾ ಕಟ್ಟಿದ್ದಾ? ಅದರ ಕೊನೆಗೆ ದೇವರ ಕೋಪಕ್ಕೆ ಗುಡಿಯೇ ಕುಸಿಯುತ್ತಿತ್ತು. ಸೋವಿಯತ್ ಕಾಲದಲ್ಲಿ ಆ ಅಂಕವನ್ನೇ ಕಿತ್ತುಹಾಕಿದರು. 1941ರಲ್ಲಿ ಲೆನಿನ್‌ಗ್ರಾಡ್‌ನವರು (ಅದೇ ಪೀಟರ್ಸ್‌ಬರ್ಗ್‌ನ ಆಗಿನ ಹೆಸರು) ಮತ್ತೆ ತಿದ್ದಿದರು. ಪಶ್ಚಿಮದವರಿಗೆ 1961ರ ತನಕ ಇದರ ಗಂಧವೇ ಹೆಚ್ಚಾಗಿ ಇರಲಿಲ್ಲ. ಆ ವರ್ಷ ಲೆನಿನ್‌ಗ್ರಾಡ್‌ನ ಕಿರೋವ್ ತಂಡ ಪ್ಯಾರಿಸ್‌ನಲ್ಲಿ ‘ನೆರಳುಗಳ ರಾಜ್ಯ’ದ ದೃಶ್ಯ ತೋರಿಸಿತು. 1963ರಲ್ಲಿ ನರ್ತಕ ನುರೇಯೆವ್ ಲಂಡನ್ನಿನ ರಾಯಲ್ ಬ್ಯಾಲೆಗೆ ಕಲಿಸಿದ್ದೂ ಅದೊಂದನ್ನೇ. 1980ರಲ್ಲಿ ನ್ಯೂಯಾರ್ಕ್‌ನಲ್ಲಿ ನರ್ತಕಿ ಮಕರೋವಾ ಇಡೀ ಬ್ಯಾಲೆ ಆಡಿಸಿದರು, ಗುಡಿಯನ್ನೂ ಮತ್ತೆ ಬೀಳಿಸಿದರು. ಮುಟ್ಟದವರು ಯಾರಿದ್ದಾರೆ ಹೇಳಿ?

ಆ ನೆರಳುಗಳ ದೃಶ್ಯ ಮಾತ್ರ, ಅಯ್ಯೋ. ಪ್ರೇಯಸಿ ನಿಕಿಯಾ ಸತ್ತ ಮೇಲೆ ಅಫೀಮಿನ ಅಮಲಿನಲ್ಲಿ ನಾಯಕ ಸೋಲೋರ್ ಮಲಗಿದ್ದಾನೆ. ಅವನ ಕನಸಿನಲ್ಲಿ ಬಿಳಿ ಉಡುಪಿನ ಹುಡುಗಿಯರು ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಒಂದು ಅರಬೆಸ್ಕ್ (ಒಂಟಿ ಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವುದು), ಒಂದೆರಡು ಹೆಜ್ಜೆ, ಮತ್ತೆ ಅದೇ. ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ. ಈ ಬ್ಯಾಲೆಗೆ ಜಾಸ್ತಿ ಹೆಸರು ತಂದಿದ್ದೂ ಇದೇ. ತಮಾಷೆ ಅಂದ್ರೆ, ಅದರಲ್ಲಿ ಭಾರತದ ಸುಳಿವೇ ಇಲ್ಲ. ಭಾರತ ಉಳಿದ ಅಂಕಗಳಲ್ಲಿದೆ: ಬೆಂಕಿ ಸುತ್ತ ಕುಪ್ಪಳಿಸುವ ಫಕೀರರು, ದೇವದಾಸಿಯ ಮೇಲೆ ಕಣ್ಣಿಟ್ಟ ಮಹಾಬ್ರಾಹ್ಮಣ, ಹೊಟ್ಟೆ ಕಾಣುವ ಮಿರಿಮಿರಿ ಬಟ್ಟೆಯ ಆ ದೇವದಾಸಿ ನಿಕಿಯಾ. ಸವದತ್ತಿ ಕಡೆ ನಾನು ಕೆಲಸ ಮಾಡಿದ್ದೇನೆ. ಅಲ್ಲಿನ ದೇವದಾಸಿ ಹೆಂಗಸರನ್ನು ಕಂಡವಳು ಈ ನಿಕಿಯಾಗೆ ಹೇಗೆ ಕೈಮುಗಿಯಲಿ?

"ಆ ಕಾಲ ಹಾಗಿತ್ತು, ಪಾಪ, ಅವರಿಗೇನು ಗೊತ್ತು" ಅಂತೀರಿ. ಗೊತ್ತಾಗಬಹುದಿತ್ತು. 1838ರಲ್ಲೇ ಪುದುಚೇರಿ ಕಡೆಯ ದೇವದಾಸಿಯರು ಪ್ಯಾರಿಸ್‌ನಲ್ಲಿ ಕುಣಿದಿದ್ದರು. ಊರೆಲ್ಲ ಅವರದೇ ಮಾತು. ಆಮೇಲೂ ರಂಗದ ಮೇಲೆ ಬಂದಿದ್ದು ಸುಮ್ನೆ ಕಾಗದದ ಭಾರತ.

ಸರಿ, ಅದು ಹಳೇ ಮಾತು. ಈಗಿನದಕ್ಕೆ ಏನಂತೀರಿ? ಈ ಬ್ಯಾಲೆಯಲ್ಲಿ ಕುಣಿಯುವ ಮಕ್ಕಳ ಮುಖಕ್ಕೆ ಕಪ್ಪು ಬಳಿಯುವುದನ್ನು ಪ್ಯಾರಿಸ್ ಒಪೆರಾ 2015ರಲ್ಲಿ ಬಿಟ್ಟಿತು. 2019ರಲ್ಲಿ ಅಮೆರಿಕದ ಕಪ್ಪು ನರ್ತಕಿ ಮಿಸ್ಟಿ ಕೋಪ್ಲ್ಯಾಂಡ್ ಅದೇ ವಿಷಯಕ್ಕೆ ಆಕ್ಷೇಪ ಎತ್ತಿದಾಗ ಮಾಸ್ಕೋದ ಬೊಲ್ಶೊಯ್ ಥಿಯೇಟರ್‌ನವರು, ಸಾವಿರಾರು ಸಲ ಹೀಗೇ ಆಡಿದ್ದೇವೆ, ಚರ್ಚೆಯೇ ಬೇಡ ಅಂದರು. ಇಡೀ ಅಂಕ ಹಾರಿಸಿದಾಗ ಪರಂಪರೆಗೆ ಏನೂ ಆಗಲಿಲ್ಲವಂತೆ. ಒಂದು ಡಬ್ಬಿ ಕಪ್ಪು ಬಣ್ಣ ತೆಗೆದರೆ ಮಾತ್ರ ಪೆಟಿಪಾ ಸಮಾಧಿಯಿಂದ ಎದ್ದು ಬರ್ತಾನೆ, ಅಲ್ವಾ?