ಈ ಮಳೆಗೆ ಹೋದ ವರ್ಷದ ಸೌದೆ

ನಾನು ಸಕಲೇಶಪುರ ತಾಲೂಕು ಹಾನುಬಾಳು ಕಡೆಯವನು, ಹನ್ನೊಂದು ವರ್ಷದಿಂದ ಅಮೆರಿಕದ ವರ್ಮಾಂಟ್‌ನಲ್ಲಿದೀನಿ. ಇಲ್ಲಿ ನಮ್ಮನೆ ಬೆಚ್ಚಗಿರೋದು ಸೌದೆ ಒಲೆಯಿಂದ, ಆ ಸೌದೇನ ನಾನೇ ಒಟ್ಟು ಮಾಡಿ ನಾನೇ ಒಡೀತೀನಿ. ಊರಿಗೆ ಬಂದಾಗ ಇದನ್ನ ಹೇಳಿದ್ರೆ ನಮ್ಮ ಚಿಕ್ಕಪ್ಪ ಮುಖ ಸಣ್ಣ ಮಾಡ್ಕೊಂಡ್ರು, ಅಷ್ಟು ದೂರ ಹೋಗಿ ಸೌದೆ ಒಡ್ಯೋ ಗತಿ ಬಂತಾ ಮಗಾ ಅಂದ್ರು. ಅವರ ಲೆಕ್ಕದಲ್ಲಿ ಸೌದೆ ಅಂದ್ರೆ ಇಲ್ಲದೋರು ಉರಿಸೋದು. ನನಗೆ ಹಂಗನಿಸಲ್ಲ. ನಮ್ಮ ಮಲೆನಾಡಲ್ಲಿ ತಪ್ಪಿರೋದು ಸೌದೇಲಲ್ಲ, ಅದನ್ನ ಒಣಗಿಸದೇ ಉರಿಸ್ತೀವಲ್ಲ ಅದ್ರಲ್ಲಿ, ಮತ್ತೆ ಆ ಹೊಗೆ ಯಾರ ಎದೆಗೆ ಹೋಗುತ್ತೆ ಅಂತ ನಾವು ನೋಡದೇ ಇರೋದ್ರಲ್ಲಿ.

ಇಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಆಗೋದು ಮಾಮೂಲಿ. ಸೌದೆ ಅಳೆಯೋದು ಕಾರ್ಡ್ ಲೆಕ್ಕದಲ್ಲಿ, 4 ಅಡಿ ಎತ್ತರ 4 ಅಡಿ ಅಗಲ 8 ಅಡಿ ಉದ್ದ ಪೇರಿಸಿದ್ರೆ ಒಂದು ಕಾರ್ಡ್, ಅಂದ್ರೆ 128 ಘನ ಅಡಿ. ನಮ್ಮನೆಗೆ ಒಂದು ಚಳಿಗಾಲಕ್ಕೆ ನಾಲ್ಕು ಬೇಕು. ಬಂದ ಮೊದಲನೇ ವರ್ಷ ಒಬ್ಬ ಸೌದೆ ಮಾರೋನು ಚೆನ್ನಾಗಿ ಒಣಗಿದೆ ಅಂತ ಹೇಳಿ ಹಸಿ ಮೇಪಲ್ ಸುರಿದು ಹೋದ, ನನಗೆ ಗೊತ್ತಾಗಲಿಲ್ಲ, ಒಲೆಗಿಟ್ರೆ ಸೌದೆ ತುದಿಯಿಂದ ನೊರೆ ಬರೋದು, ಸುಯ್ ಅಂತ ಸದ್ದು, ಒಲೆ ಬಾಗಿಲ ಗಾಜು ಎರಡೇ ದಿನಕ್ಕೆ ಕರೀ ಆಯ್ತು, ಮನೆ ಮಾತ್ರ ಬಿಸಿ ಆಗಲೇ ಇಲ್ಲ. ಫೆಬ್ರವರೀಲಿ ಚಿಮಣಿ ತೆಗೆಸಿ ನೋಡಿದ್ರೆ ಒಳಗೆಲ್ಲ ಡಾಂಬರು ಬಳಿದಂಗೆ ಕ್ರಿಯೋಸೋಟ್, ಅಂದ್ರೆ ಪೂರ್ತಿ ಸುಡದ ಹೊಗೆಯ ಜಿಗುಟು, ಕಟ್ಕೊಂಡಿತ್ತು. ಅದಕ್ಕೆ ಬೆಂಕಿ ಹತ್ತಿದ್ರೆ ಮನೇನೇ ಹೋಗುತ್ತೆ.

ಪಕ್ಕದ ಮನೆ ಅಜ್ಜ, ಎಪ್ಪತ್ತು ದಾಟಿದೋರು, ಬಂದು ನೋಡಿ ಎರಡು ತುಂಡು ಎತ್ಕೊಂಡು ಒಂದಕ್ಕೊಂದು ಬಡಿದ್ರು. ದಬ್ ಅಂತು. ಆಮೇಲೆ ಅವರ ಕೊಟ್ಟಿಗೆಯಿಂದ ಎರಡು ತಂದು ಬಡಿದ್ರು, ಟಣ್ ಅಂತು. ಪಾಠ ಅಷ್ಟೇ. ಈಗ ಕಡಿದಿದ್ದು ಬರೋ ವರ್ಷಕ್ಕೆ, ಓಕ್ ಆದ್ರೆ ಎರಡು ವರ್ಷಕ್ಕೆ. ಈಗ ನನ್ನ ಹತ್ರ ತೇವ ಅಳೆಯೋ ಸಣ್ಣ ಮೀಟರ್ ಇದೆ, ಸೌದೆಯನ್ನ ಹೊಸದಾಗಿ ಸೀಳಿ ಒಳಗಿನ ಮೈಗೆ ಅದರ ಮುಳ್ಳು ಚುಚ್ಚಿ ನೋಡ್ತೀನಿ, 20 ಪರ್ಸೆಂಟ್ ಒಳಗಿದ್ರೆ ಮಾತ್ರ ಒಲೆಗೆ. ಆಗ ತಾನೇ ಕಡಿದ ಮರದಲ್ಲಿ ತೂಕದ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಅಂಥ 10 ಕೆಜಿ ಸೌದೆ ಉರಿಸೋದು ಅಂದ್ರೆ ಮೊದ್ಲು 5 ಲೀಟರ್ ನೀರನ್ನ ಕುದಿಸಿ ಆವಿ ಮಾಡಿ ಗಾಳಿಗೆ ಬಿಟ್ಟು, ಆಮೇಲೆ ಉಳಿದ ಶಾಖಾನ ನಾವು ತಗೊಳ್ಳೋದು. ಒಲೆ ಆ ನೀರಿಗೇ ಸುಸ್ತಾಗಿ ತಣ್ಣಗೆ ಉರಿಯುತ್ತೆ, ತಣ್ಣಗಿನ ಉರಿಯಲ್ಲಿ ಹೊಗೆ ಪೂರ್ತಿ ಸುಡಲ್ಲ. ಅದೇ ಹೊಗೆ ಇಲ್ಲಿ ಚಿಮಣಿಗೆ ಅಂಟುತ್ತೆ, ಚಿಮಣಿ ಇಲ್ಲದ ಕಡೆ ಮನುಷ್ಯರ ಒಳಗೆ ಹೋಗುತ್ತೆ.

ಒಡೆಯೋದರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಯಾಕಂದ್ರೆ ನನಗೆ ಅದು ಬಹಳ ಇಷ್ಟ. ದೊಡ್ಡ ಕೊರಡಾದ್ರೆ ನಡುಮಧ್ಯಕ್ಕೆ ಹೊಡೀಬಾರ್ದು, ಅಂಚಿಂದ ಚಕ್ಕೆ ಚಕ್ಕೆ ಬಿಡಿಸ್ಕೊಂಡು ಒಳಗೆ ಬರಬೇಕು, ಒಣಗೋವಾಗ ಬಿಟ್ಟ ಬಿರುಕು ಎಲ್ಲಿದೆ ನೋಡಿ ಅದೇ ಗೆರೆಗೆ ಕೊಡಲಿ ಬೀಳಬೇಕು, ಗಂಟಿದ್ರೆ ಅದನ್ನ ಕೆಳಗೆ ಮಾಡಿ ನಿಲ್ಲಿಸಬೇಕು. ಕೊಡಲಿ ಅಂದ್ರೆ ನಮ್ಮೂರ ತೆಳು ಬಾಯಿ ಕೊಡಲಿ ಅಲ್ಲ, ಬೆಣೆಗೆ ಹಿಡಿ ಹಾಕಿದಂಗೆ ದಪ್ಪ ಮೂತಿ, ಮೂರು ಕೆಜಿ ಹತ್ತಿರ ತೂಕ, ಕತ್ತರಿಸಲ್ಲ, ಸೀಳುತ್ತೆ. ಮೈನಸ್ 15ರಲ್ಲಿ ಹೆಪ್ಪುಗಟ್ಟಿದ ಮೇಪಲ್ ಒಂದೇ ಏಟಿಗೆ ಗಾಜಿನ ಥರ ಎರಡಾಗುತ್ತೆ, ಒಳಗಡೆ ತಿಳೀ ಕೆನೆ ಬಣ್ಣ, ತಣ್ಣನೆ ಸಿಹಿ ವಾಸನೆ. ಎಲ್ಮ್ ಮಾತ್ರ ನಾರು ನಾರು ಹೆಣೆದ್ಕೊಂಡಿರುತ್ತೆ, ಅದರ ಜೊತೆ ಅರ್ಧ ದಿನ ಹೋಗುತ್ತೆ. ಇಲ್ಲಿ ಡಾಕ್ಟರು, ಮೇಷ್ಟ್ರು, ಪೋಸ್ಟ್ ಆಫೀಸಿನೋರು ಎಲ್ಲರೂ ಭಾನುವಾರ ಇದನ್ನ ಮಾಡ್ತಾರೆ, ಯಾರಿಗೂ ಅದು ಕೀಳಲ್ಲ. ನಮ್ಮನೇಲಿ ನಾನು ಬೆಳೆಯೋವಾಗ ಕೊಡಲಿ ಮುಟ್ಟಿದ್ದೇ ಇಲ್ಲ, ಒಡೆಯೋಕೆ ಆಳು ಬರ್ತಿದ್ದ, ಬಚ್ಚಲಿಗೆ ಹೊತ್ತು ತರೋಕೆ ಲೈನ್ ಮನೆಯ, ಅಂದ್ರೆ ನಮ್ಮ ಕಾಫಿ ತೋಟದ ಕೆಲಸದೋರ ಸಾಲುಮನೆಯ, ಹೆಂಗಸರು. ಸೌದೆ ಹಸಿಯೋ ಒಣಗಿದ್ದೋ ಅಂತ ನಮಗೆ ಗೊತ್ತಾಗದೇ ಇದ್ದಿದ್ದು ಅದಕ್ಕೇ ಅಂತ ಈಗ ಅನಿಸುತ್ತೆ, ಕೈಯಲ್ಲಿ ಎತ್ತಿದವನಿಗೆ ತೂಕದಲ್ಲೇ ಗೊತ್ತಾಗಿಬಿಡುತ್ತೆ.

ಎರಡು ವರ್ಷದ ಹಿಂದೆ ಜುಲೈನಲ್ಲಿ ಊರಿಗೆ ಬಂದಿದ್ದೆ. ಪುಷ್ಯ ಮಳೆ ಹಿಡಿದು ಒಂಬತ್ತು ದಿನ ಬಿಟ್ಟಿರಲಿಲ್ಲ. ನಮ್ಮ ಕಡೆ ಚಳಿ ಅಂದ್ರೆ ಜನವರಿ ಚಳಿ ಅಲ್ಲ, ಈ ಮಳೆಗಾಲದ ಥಂಡಿ, ಹಾಸಿಗೆ ಹೊದಿಕೆ ಎಲ್ಲ ಜಿಡಿಜಿಡಿ, ಬಟ್ಟೆ ಒಣಗಬೇಕಾದ್ರೂ ಒಲೆ ಮೇಲೇ ಒಣಗಬೇಕು. ಬೆಳಿಗ್ಗೆ ಐದೂವರೆಗೆ ಎದ್ರೆ ಬಚ್ಚಲಲ್ಲಿ ಅಮ್ಮ ಹಂಡೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ್ಕೊಂಡು ಊದುಗೊಳವೇಲಿ ಊದ್ತಾ ಇದ್ರು, ಒಲೇಲಿ ತೋಟದ ನೆರಳಿನ ಮರ ಹಾಲುವಾಣದ ಕೊಂಬೆ, ಸಿಪ್ಪೆ ಇನ್ನೂ ಹಸಿರು. ಊದೋದು, ಕೆಮ್ಮೋದು, ಸೆರಗಲ್ಲಿ ಕಣ್ಣೊರೆಸ್ಕೊಳ್ಳೋದು, ಮತ್ತೆ ಊದೋದು. ನನ್ನ ನೋಡಿ, ಯಾಕೆ ಮಗ ಇಷ್ಟು ಬೇಗ ಎದ್ದೆ, ನೀರು ಈಗ ಕಾಯುತ್ತೆ ಇರು ಅಂದ್ರು. ನಾನು ಇಲ್ಲಿ ಮೀಟರ್ ಚುಚ್ಚಿ ನೋಡಿ ಸೌದೆ ಉರಿಸ್ತೀನಿ, ನಮ್ಮಮ್ಮ ನಲವತ್ತೈದು ವರ್ಷದಿಂದ ಆ ಹೊಗೆ ಕುಡೀತಾ ಇದಾರೆ. ಅವತ್ತು ನನಗೆ ತಡ್ಕೊಳ್ಳೋಕಾಗಲಿಲ್ಲ.

ಆಮೇಲೆ ಅಣ್ಣನ ಜೊತೆ ಕೂತು ಲೆಕ್ಕ ಹಾಕಿದಾಗ ಗೊತ್ತಾಗಿದ್ದು, ಇದು ಯಾರ ಸೋಮಾರಿತನಾನೂ ಅಲ್ಲ, ನಮ್ಮ ತೋಟದ ಕ್ಯಾಲೆಂಡರೇ ಹಂಗಿದೆ. ಕಾಫಿ ಕೊಯ್ಲು ಮುಗಿದ್ಮೇಲೆ ನೆರಳು ಬಿಡಿಸೋಕೆ ಮರಗಸಿ, ಅಂದ್ರೆ ನೆರಳಿನ ಮರಗಳ ಕೊಂಬೆ ಸವರೋದು, ಶುರು ಆಗುತ್ತೆ, ಅದು ಮುಗಿಯೋದು ಮೇ ತಿಂಗಳಲ್ಲಿ, ಜೂನ್‌ಗೆ ಮಳೆ ಬಂತು, ಆ ಕೊಂಬೆಗಳೇ ಜುಲೈನಲ್ಲಿ ಒಲೆಗೆ ಬರ್ತವೆ. ಎರಡು ತಿಂಗಳೂ ಒಣಗಿರಲ್ಲ. ನಾವು ಮರ ಕಡಿಯಲ್ಲ, ಕೊಂಬೆ ಸವರಿ ಅದನ್ನೇ ಉರಿಸ್ತೀವಿ, ಮರ ಮತ್ತೆ ಚಿಗುರುತ್ತೆ. ಈ ಪದ್ಧತಿ ವರ್ಮಾಂಟ್‌ನಲ್ಲೂ ನನಗೆ ಕಾಣಲಿಲ್ಲ, ಇಲ್ಲಿ ಬುಡಾನೇ ಕತ್ತರಿಸ್ತಾರೆ. ಇಷ್ಟು ಒಳ್ಳೆ ಪದ್ಧತಿ ಇಟ್ಕೊಂಡು ಒಂದು ವರ್ಷ ಕಾಯೋದೊಂದನ್ನ ನಾವು ಕಲೀಲಿಲ್ಲ. ಈ ವರ್ಷದ ಮರಗಸಿ ಸೌದೆ ಬರೋ ವರ್ಷದ ಮಳೆಗೆ ಅಂತ ಇಟ್ಬಿಟ್ರೆ ಮುಗೀತು. ಕಷ್ಟ ಆಗೋದು ಮೊದಲನೇ ವರ್ಷ ಮಾತ್ರ, ಒಂದೇ ಸಲ ಎರಡು ವರ್ಷದ್ದು ಒಟ್ಟಬೇಕು.

ಇಲ್ಲಿಯ ರೀತಿ ಹಂಗಂಗೇ ಅಲ್ಲಿ ನಡೆಯಲ್ಲ ಅನ್ನೋದೂ ನಿಜ. ಇಲ್ಲಿ ಸೌದೆ ಮೇಲೆ ಮಾತ್ರ ಮುಚ್ತಾರೆ, ನಾಲ್ಕೂ ಕಡೆ ಗಾಳಿಗೆ ಬಿಡ್ತಾರೆ. ಸಕಲೇಶಪುರದಲ್ಲಿ ಮಳೆ ಮೇಲಿಂದ ಬೀಳಲ್ಲ, ಪಡುವಲಿಂದ ಅಡ್ಡಡ್ಡ ಹೊಡೆಯುತ್ತೆ. ಅದಕ್ಕೇ ನಮ್ಮೋರು ಟಾರ್ಪಲ್ಲನ್ನ ನೆಲದವರೆಗೂ ಇಳಿಬಿಟ್ಟು ಕಲ್ಲು ಹೇರ್ತಾರೆ, ಒಳಗೆ ಗಾಳಿ ಇಲ್ದೆ ಸೌದೆಗೆ ಬೂಷ್ಟು ಹಿಡಿದು ಅಣಬೆ ಏಳುತ್ತೆ. ನಾವು ಹೋದ ವರ್ಷ ಕೊಟ್ಟಿಗೆ ಪಕ್ಕ ಶೀಟ್ ಹಾಕಿಸಿದ್ವಿ, ಪಡುವಲಿಗೆ ಅಡಿಕೆ ಸೋಗೆ ತಟ್ಟಿ ಕಟ್ಟಿದ್ವಿ, ಮೂಡಲಿಗೆ ಪೂರ್ತಿ ತೆರೆದು ಬಿಟ್ವಿ, ಕೆಳಗೆ ಎರಡು ಸಾಲು ಇಟ್ಟಿಗೆ ಮೇಲೆ ಬೈನೆ ದಬ್ಬೆ. ಕೊಂಬೆ ಇಡಿಯಾಗಿ ಇಟ್ರೆ ಒಣಗಲ್ಲ, ಸಿಪ್ಪೆ ನೀರು ಬಿಡಲ್ಲ, ಮಣಿಕಟ್ಟಿಗಿಂತ ದಪ್ಪ ಇದ್ದಿದ್ದೆಲ್ಲ ಸೀಳಿಸಿ ಪೇರಿಸಿದ್ವಿ.

ಒಂದು ವಿಷಯದಲ್ಲಿ ಮಾತ್ರ ವರ್ಷ ಕಾಯಬಾರ್ದು. ಬಿಳಿ ಕಾಂಡಕೊರಕ ಹುಳ ಹೊಡೆದ ಅರೇಬಿಕಾ ಕಾಫಿ ಗಿಡ ಕಿತ್ತು ಅದನ್ನ ಸೌದೆಗೆ ಅಂತ ಪೇರಿಸಿಟ್ರೆ ಹುಳ ಅಲ್ಲೇ ಬೆಳೆದು ಏಪ್ರಿಲ್ ಮೇನಲ್ಲೋ, ಅಕ್ಟೋಬರ್ ಮೇಲೋ ದುಂಬಿಯಾಗಿ ಹಾರಿ ತೋಟಕ್ಕೇ ವಾಪಸ್ ಬರುತ್ತೆ, ಅದನ್ನ ಕಿತ್ತ ಕೂಡಲೇ ಸುಡಬೇಕು. ಇಲ್ಲೂ ಇದೇ ಕತೆ, ಆಶ್ ಮರಕ್ಕೆ ಒಂದು ಹಸಿರು ದುಂಬಿ ಬಿದ್ದಿದೆ, ಏಷ್ಯಾ ಕಡೆಯದು, 2002ರಲ್ಲಿ ಮಿಷಿಗನ್‌ನಲ್ಲಿ ಸಿಕ್ತು, 2018ಕ್ಕೆ ವರ್ಮಾಂಟ್ ಮುಟ್ತು, ದೂರ ದೂರ ಹರಡಿದ್ದು ಬಹಳ ಮಟ್ಟಿಗೆ ಜನ ಗಾಡೀಲಿ ಸೌದೆ ಸಾಗಿಸಿದ್ರಿಂದ. ಅದಕ್ಕೆ ಇಲ್ಲಿ ಯಾವ ಊರಿನ ಸೌದೆಯೋ ಆ ಊರಲ್ಲೇ ಉರಿಸಿ ಅಂತ ಎಲ್ಲ ಕಡೆ ಬೋರ್ಡ್ ಹಾಕಿದಾರೆ.

ಗ್ಯಾಸ್ ಬಂದಿದೆಯಲ್ಲ, ಇನ್ಯಾಕೆ ಸೌದೆ ಮಾತು ಅಂತ ಕೇಳೋರಿದಾರೆ. 2016ರಲ್ಲಿ ಬಡವರ ಮನೆಗೆ ಗ್ಯಾಸ್ ಕೊಡೋ ಉಜ್ವಲ ಯೋಜನೆ ಬಂದ್ಮೇಲೆ ಲೈನ್ ಮನೆಗಳಿಗೂ ಸಿಲಿಂಡರ್ ಬಂತು, ಒಳ್ಳೇದೇ ಆಯ್ತು. ಆದ್ರೆ ನಮ್ಮ ಕಡೆ ಗ್ಯಾಸು ಅಡಿಗೆಗೆ ಮಾತ್ರ, ಸ್ನಾನದ ನೀರಿಗೆ, ಬಟ್ಟೆ ಒಣಗೋಕೆ, ಮೈ ಕಾಯಿಸೋಕೆ ಯಾರೂ ಗ್ಯಾಸ್ ಉರಿಸಲ್ಲ, ಉರಿಸೋಕಾಗೋದೂ ಇಲ್ಲ. ಚಿಮಣಿ ಒಲೆ ಏನು ಹೊರಗಿನ ವಸ್ತು ಅಲ್ಲ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಮಾಡ್ತಿದ್ದ ಅಸ್ತ್ರ ವಿಭಾಗದೋರು 1980ರ ದಶಕದಲ್ಲೇ ಅಸ್ತ್ರ ಒಲೆ ಕೊಟ್ಟಿದ್ರು, ನಮ್ಮ ದೊಡ್ಡಮ್ಮನ ಮನೇಲಿ ಇತ್ತು, ಹೊಗೆ ಕೊಳವೆ ಮಸಿ ಕಟ್ಟಿದ್ಮೇಲೆ ಯಾರೂ ತೆಗೀಲಿಲ್ಲ, ಒಲೆ ಎಳೀತಿಲ್ಲ ಅಂತ ಒಡೆದು ಹಾಕಿದ್ರು. ವರ್ಷಕ್ಕೊಂದು ಸಲ ಕೊಳವೆ ಗುಡಿಸೋದು ಅಷ್ಟು ದೊಡ್ಡ ಕೆಲಸ ಅಲ್ಲ. ಈಗ ನಮ್ಮ ಬಚ್ಚಲಿಗೂ ಆರಿಂಚಿನ ಪೈಪು ಮಾಡು ದಾಟಿಸಿ ಹಾಕಿಸಿದೀವಿ, ಮಳೆ ಮುಗಿದ್ಮೇಲೆ ದೀಪಾವಳಿ ನೀರು ತುಂಬೋ ಹಬ್ಬಕ್ಕೆ ಹಂಡೆ ತೊಳೆಯೋವಾಗಲೇ ಪೈಪನ್ನೂ ಗುಡಿಸೋದು ಅಂತ ಅಮ್ಮ ಮಾಡ್ಕೊಂಡಿದಾರೆ.

ಈ ಜುಲೈನಲ್ಲಿ ಮೊದಲನೇ ಸಲ ಹೋದ ವರ್ಷದ ಸಿಲ್ವರ್ ಓಕ್ ಸೀಳು ಉರಿಸಿದ್ರು, ಅದು ನಮ್ಮ ತೋಟದ ನೆರಳಿನ ಮರ, ಇಲ್ಲಿಯ ಓಕ್ ಅಲ್ಲ. ಅಮ್ಮ ಫೋನ್ ಮಾಡಿ, ಊದೋದೇ ಬೇಡ ಕಣೋ, ಒಂದು ಗರಿ ಹಚ್ಚಿಟ್ರೆ ಹಿಡ್ಕೊಳ್ಳುತ್ತೆ, ಸೌದೇನೂ ಅರ್ಧಕ್ಕರ್ಧ ಉಳೀತು ಅಂದ್ರು. ನಾನು ಆಮೇಲೆ ಒಂದು ಕೇಳಿದೆ, ಲೈನ್ ಮನೇಲಿ ಏನು ಉರಿಸ್ತಿದಾರೆ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಅವರು ಈ ವರ್ಷದ್ದೇ ಹೊತ್ಕೊಂಡು ಹೋಗ್ತಾರಪ್ಪ ಅಂದ್ರು.

ನನಗೆ ಚುಚ್ಚಿದ್ದು ಅದು. ಆ ಮರಗಳ ತುದಿ ಹತ್ತಿ ಜೀವ ಕೈಯಲ್ಲಿ ಹಿಡ್ಕೊಂಡು ಕೊಂಬೆ ಸವರೋದು ಅವರ ಮನೆ ಗಂಡಸರು, ತಲೆ ಮೇಲೆ ಹೊರೆ ಹೊರೋದು ಅವರ ಮನೆ ಹೆಂಗಸರು, ನಮ್ಮ ಸೌದೆ ಪೇರಿಸಿಕೊಟ್ಟಿದ್ದೂ ಅವರೇ. ಅವರ ಲೈನಿಗೆ ಹತ್ತಡಿಗೆ ಹತ್ತಡಿ ರೂಮು, ಹಂಚಿನ ಸಂದಿ ಬಿಟ್ರೆ ಹೊಗೆಗೆ ದಾರಿ ಇಲ್ಲ, ಅದೇ ರೂಮಲ್ಲಿ ಕೂಸು ಮಲಗಿರುತ್ತೆ. ತೋಟದೋರು ಸೌದೆ ಬಿಟ್ಟಿ ಕೊಡ್ತೀವಿ ಅಂತ ಹೇಳ್ಕೊಳ್ತೀವಿ, ಕೊಡೋದು ಹಸಿ ಕೊಂಬೆ. ನನ್ನ ಪ್ರಕಾರ ಒಣಗಿದ್ದು ಮೊದ್ಲು ಅಲ್ಲಿಗೆ ಹೋಗಬೇಕು.

ಅಣ್ಣನ ಜೊತೆ ಮಾತಾಡಿದೀನಿ. ಲೈನ್ ಹಿಂದುಗಡೆ ಮೂವತ್ತಡಿ ಉದ್ದ ಒಂದು ಶೀಟಿನ ಮಾಡು, ನಾಲ್ಕು ಮನೆಗೂ ಒಂದೊಂದು ಪೈಪು, ಖರ್ಚು ನಂದು. ಬರೋ ಮರಗಸಿ ಹೊತ್ತಿಗೆ ನಾನೂ ಮೂರು ವಾರ ರಜ ಹಾಕಿ ಬರ್ತೀನಿ, ಆ ದಪ್ಪ ಮೂತಿ ಕೊಡಲಿಯ ತಲೆ ಒಂದನ್ನ ಬ್ಯಾಗಲ್ಲಿ ಹಾಕ್ಕೊಂಡು. ಹಿಡಿ ಅಲ್ಲೇ ಮಾಡಿಸಬಹುದು.