ಪುಸ್ತಕದ ಬೀರು ಮತ್ತು ಮೇಕೆ ತಿಂದ 16 ಪುಟಗಳು

ಎಂಟು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಹೋಬಳಿ ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಗೆ ನಾನು ವರ್ಗವಾಗಿ ಬಂದಾಗ, ನನಗಿಂತ ಮೊದಲಿದ್ದ ಕನ್ನಡ ಶಿಕ್ಷಕರು ಚಾರ್ಜ್ ಪಟ್ಟಿಯ ಜೊತೆಗೆ ಕಬ್ಬಿಣದ ಬೀರುವಿನ ಬೀಗದ ಕೈಯನ್ನೂ ನನ್ನ ಅಂಗೈಯಲ್ಲಿಟ್ಟು, "ಒಂದು ಪುಸ್ತಕವೂ ಕಳೆದಿಲ್ಲ ಸರ್, ಎಣಿಸಿ ತಗೊಳ್ಳಿ" ಎಂದರು. ಇಬ್ಬರೂ ಕುಳಿತು ಎಣಿಸಿದೆವು. ದಾಸ್ತಾನು ವಹಿಯಲ್ಲಿ 612, ಬೀರುವಿನಲ್ಲೂ 612. ಆಮೇಲೆ ಇಶ್ಯೂ ರಿಜಿಸ್ಟರ್ ತೆಗೆದು ನೋಡಿದರೆ ಎರಡೇ ಎರಡು ಪುಟ ತುಂಬಿದ್ದವು, ಅಲ್ಲಿದ್ದ ಹೆಸರುಗಳೆಲ್ಲ ಶಿಕ್ಷಕರವೇ ಆಗಿದ್ದವು. ಪುಸ್ತಕಗಳಿಗೆ ನುಸಿಗುಳಿಗೆಯ ವಾಸನೆ ಹಿಡಿದಿತ್ತು. ಕೆಲವು ಪುಸ್ತಕಗಳ ಹಾಳೆಗಳು ಅಚ್ಚಿನ ಮನೆಯಿಂದ ಬಂದ ಹಾಗೆಯೇ ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಆ ಹಿರಿಯರನ್ನು ನಾನು ದೂರುವುದಿಲ್ಲ. ನಮ್ಮಂಥ ಶಾಲೆಗಳಲ್ಲಿ ಬಹುತೇಕ ಕಡೆ ಗ್ರಂಥಾಲಯಕ್ಕೆಂದೇ ಒಬ್ಬ ಗ್ರಂಥಪಾಲಕರು ಇರುವುದಿಲ್ಲ. ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳ ನಡುವೆ ಭಾಷಾ ಶಿಕ್ಷಕರೊಬ್ಬರ ಹೆಗಲಿಗೆ ಈ ಬೀರುವೂ ಬೀಳುತ್ತದೆ. ಪುಸ್ತಕವೊಂದು ಕಡಿಮೆಯಾದರೆ ವರ್ಗಾವಣೆಯ ಹೊತ್ತಿಗೆ ಚಾರ್ಜ್ ಕೊಡುವಾಗ ಮಾತು ಬರುತ್ತದೆ, ನಿವೃತ್ತಿಯ ಹೊತ್ತಿಗೆ ಬಾಕಿ ಇಲ್ಲವೆಂಬ ಪತ್ರಕ್ಕೆ ಅಲೆಯಬೇಕಾಗುತ್ತದೆ ಎಂಬ ಹೆದರಿಕೆ. ಪುಸ್ತಕ ಯಾರ ಕೈಗೂ ಹೋಗದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಇಂಥ ಏರ್ಪಾಡಿನಲ್ಲಿ ಬುದ್ಧಿವಂತನಾದ ಯಾವ ನೌಕರನೂ ಬೀಗ ಹಾಕಿಯೇ ಇಡುತ್ತಾನೆ. ಹದಿಹರೆಯದ ಮಕ್ಕಳು ಓದುತ್ತಿಲ್ಲ, ಮೊಬೈಲ್ ಅವರನ್ನು ಕೆಡಿಸಿತು ಎಂದು ವೇದಿಕೆಗಳಲ್ಲಿ ಮರುಗುವವರಿಗೆ ನಾನು ಹೇಳಬೇಕಾದ ಮಾತು ಇಷ್ಟೇ: ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿದೆಯೋ ಇಲ್ಲವೋ ಎಂಬುದನ್ನು ನಮ್ಮ ಶಾಲೆಗಳು ಪರೀಕ್ಷಿಸಿ ನೋಡಿಯೇ ಇಲ್ಲ, ಏಕೆಂದರೆ ಪುಸ್ತಕ ಕಳೆದೀತೆಂಬ ನಮ್ಮ ಅಂಜಿಕೆ ಅವರ ಆಸಕ್ತಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದೆ.

ಈ ಅಂಜಿಕೆ ಹೊಸದೇನೂ ಅಲ್ಲ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಣಿಯಿಂದ ಬಿಗಿದು ಇಡುತ್ತಿದ್ದರು. 1931ರಲ್ಲಿ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟಾಗ ಮೊದಲನೆಯದಾಗಿ ಹೇಳಿದ್ದು, ಪುಸ್ತಕಗಳಿರುವುದು ಬಳಕೆಗಾಗಿ ಎಂದು. ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮೊದಲು ಗಣಿತದ ಮೇಷ್ಟರಾಗಿದ್ದರು. ಕಡೆಗಾಲವನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಅವರ ಹುಟ್ಟುಹಬ್ಬವಾದ ಆಗಸ್ಟ್ 12ರಂದು ಗ್ರಂಥಪಾಲಕರ ದಿನವೆಂದು ಫೋಟೋಗೆ ಹಾರ ಹಾಕುತ್ತೇವೆ. ಹಾರ ಹಾಕಿದ ಮೇಲೆ ಬೀರುವಿಗೆ ಮತ್ತೆ ಬೀಗ ಹಾಕುತ್ತೇವೆ.

ಇನ್ನೊಂದು ಸಂಗತಿ ನಮ್ಮ ಶಿಕ್ಷಕ ಬಳಗಕ್ಕೆ ತಿಳಿದಿರಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯದ ಬಗ್ಗೆ ಒಂದು ನಿಯಮವಿದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ, ಅದಕ್ಕೆ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಕಾರಣವಲ್ಲದಿದ್ದರೆ, ಆ ನಷ್ಟವನ್ನು ಸಹಜವೆಂದು ಪರಿಗಣಿಸಬಹುದು ಎನ್ನುತ್ತದೆ ಅದು. ನಮ್ಮ ರಾಜ್ಯದ ಶಾಲೆಗೆ ಅದು ನೇರವಾಗಿ ಅನ್ವಯಿಸುವುದಿಲ್ಲವೆಂದು ಬಲ್ಲೆ. ಆದರೆ ಹಣಕಾಸಿನ ನಿಯಮ ಬರೆಯುವ ಬಿಗಿ ಜನರೇ ಪುಸ್ತಕ ಓಡಾಡಿದರೆ ಕೆಲವು ಕಳೆಯುತ್ತವೆ ಎಂದು ಒಪ್ಪಿಕೊಂಡಿರುವಾಗ ನಾವೇಕೆ ಅವರಿಗಿಂತ ಬಿಗಿಯಾಗಬೇಕು? ಆ ನಿಯಮದಲ್ಲಿ ನನಗೆ ಹಿಡಿಸಿದ್ದು ಅದರ ಲೆಕ್ಕದ ರೀತಿ. ಅದು ಬೀರುವಿನಲ್ಲಿರುವ ಪುಸ್ತಕಗಳ ಮೇಲೆ ಲೆಕ್ಕ ಹಾಕುವುದಿಲ್ಲ, ಕೈಯಿಂದ ಕೈಗೆ ಹೋದ ಪುಸ್ತಕಗಳ ಮೇಲೆ ಹಾಕುತ್ತದೆ.

ದುಡ್ಡಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ತೊಂದರೆಯಿರುವುದು ಆಯ್ಕೆಯಲ್ಲಿ. ಆ 612 ಪುಸ್ತಕಗಳಲ್ಲಿ ಒಂದು ಪಾಲು ಎಂಟು ವರ್ಷದ ಮಗುವಿಗೆ ಬರೆದ ನೀತಿಕತೆಗಳು, ಇನ್ನೊಂದು ಪಾಲು ಸ್ನಾತಕೋತ್ತರ ವಿದ್ಯಾರ್ಥಿಯೂ ಆಕಳಿಸುವಂಥ ವಿಮರ್ಶಾ ಲೇಖನಗಳ ಸಂಕಲನಗಳು, ಉಳಿದದ್ದು ಮಹಾಪುರುಷರ ಜೀವನಚರಿತ್ರೆ, ಒಂದೊಂದೂ ಹತ್ತು ಪ್ರತಿ. ಹದಿನಾಲ್ಕು ವರ್ಷದ ಹುಡುಗನಿಗೆ ಬೇಕಾದದ್ದು ಎರಡರ ನಡುವೆ ಎಲ್ಲೋ ಬಿಟ್ಟುಹೋಗಿತ್ತು. ಅವನಿಗೆ ಬೇಟೆಯ ಕತೆ ಬೇಕು, ದೆವ್ವದ ಕತೆ ಬೇಕು, ಕೊಲೆ ಯಾರು ಮಾಡಿದರೆಂದು ಕೊನೆಯವರೆಗೆ ಗೊತ್ತಾಗದ ಕಾದಂಬರಿ ಬೇಕು, ಹಾವುಗಳ ಬಗ್ಗೆ, ಕ್ರಿಕೆಟ್ ಬಗ್ಗೆ, ಬೈಕಿನ ಇಂಜಿನ್ ಬಗ್ಗೆ ಬೇಕು. ಪ್ರೀತಿಯ ಕತೆಯೂ ಬೇಕು, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೆ. ನಾನು ಓದು ಕಲಿತದ್ದು ಬಸ್ ನಿಲ್ದಾಣದ ಪಕ್ಕದ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ, ದಿನಕ್ಕೆ ಐವತ್ತು ಪೈಸೆ ಕೊಟ್ಟು ತಂದ ಪತ್ತೇದಾರಿ ಕಾದಂಬರಿಗಳಿಂದ. ಓದು ಎಂದು ನನಗೆ ಯಾರೂ ಹೇಳಿರಲಿಲ್ಲ. ಓದಬೇಡ ಎಂದು ಬೈದವರು ಮಾತ್ರ ಬಹಳ ಜನ.

ಆ ಅಂಗಡಿಗಳು ಈಗ ಇಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಓದುವ ಬೆಳಕು ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಕ್ಕಿದೆ, ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೂ ನಮ್ಮ ಊರಿನಲ್ಲಿ ಸಂಜೆ ಆರು ಗಂಟೆಗೆ ಗಂಡಸರು ಪೇಪರ್ ಹರಡಿಕೊಂಡು ಕುಳಿತ ಕೋಣೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೋಗಿ ಕೂರುವುದು ಸುಲಭವಿಲ್ಲ. ಅವಳ ಮಟ್ಟಿಗೆ ಪುಸ್ತಕ ಸಿಗಬಹುದಾದ ಜಾಗ ಶಾಲೆಯೊಂದೇ.

ಹಾಗಾಗಿ ಬಂದ ವರ್ಷದ ದಸರಾ ರಜೆ ಮುಗಿದ ಮೇಲೆ ಬೀರುವಿನಿಂದ ಪುಸ್ತಕ ತೆಗೆದು ಕಾರಿಡಾರಿನಲ್ಲಿ ಎರಡು ಡೆಸ್ಕುಗಳ ಮೇಲೆ ಮುಖಪುಟ ಕಾಣುವಂತೆ ಹರಡಿದೆ. ಶುಕ್ರವಾರ ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ. ರಿಜಿಸ್ಟರ್ ಬರೆಯುವವರು ಒಂಬತ್ತನೇ ತರಗತಿಯ ಇಬ್ಬರು ಮಕ್ಕಳೇ. ಮೊದಲ ತಿಂಗಳು ನಾನೇ ಕೆಡಿಸಿದೆ. ಓದಿದ ಪುಸ್ತಕದ ಪರಿಚಯ ಬರೆದು ತರಬೇಕು, ಇದರಿಂದ ಏನು ನೀತಿ ಕಲಿತಿರಿ ಎಂದು ಹೇಳಬೇಕು ಎಂದೆ. ಮೂರನೆಯ ವಾರಕ್ಕೆ ಡೆಸ್ಕಿನ ಹತ್ತಿರ ನಾಲ್ಕು ಜನ ಉಳಿದರು, ಆ ನಾಲ್ವರೂ ತಂದ ಪರಿಚಯ ಹಿಂಬದಿಯ ರಕ್ಷಾಪುಟದಿಂದ ಎತ್ತಿ ಬರೆದದ್ದಾಗಿತ್ತು. ಬರೆಯುವುದನ್ನು ಬಿಡಿಸಿದೆ. ಅದರ ಬದಲು ತರಗತಿಯಲ್ಲಿ ವಾರಕ್ಕೊಮ್ಮೆ ಯಾವುದಾದರೂ ಪುಸ್ತಕದ ಏಳೆಂಟು ಪುಟಗಳನ್ನು ಗಟ್ಟಿಯಾಗಿ ಓದಿ, ನರಭಕ್ಷಕ ಹುಲಿ ಪೊದೆಯಿಂದ ಈಚೆ ಬರುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗತೊಡಗಿದೆ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಉಪಾಯ ನನ್ನ ಸೇವಾವಧಿಯಲ್ಲಿ ಬೇರೊಂದಿಲ್ಲ.

ಹತ್ತನೇ ತರಗತಿಯವರಿಗೆ ಕೊಡಬೇಡಿ ಎಂದು ಸಹೋದ್ಯೋಗಿಗಳು ಹೇಳಿದರು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜ್, ಇದರ ನಡುವೆ ಕತೆ ಪುಸ್ತಕ ಯಾಕೆ ಎಂಬುದು ಅವರ ವಾದ. ಫಲಿತಾಂಶ ಕುಸಿದರೆ ನೋಟಿಸ್ ಬರುವುದು ಅವರಿಗೇ ಆದ್ದರಿಂದ ನಾನು ಜಗಳವಾಡಲಿಲ್ಲ. ಆದರೆ ಪ್ರಶ್ನೆಯನ್ನೇ ಪೂರ್ತಿ ಓದದೆ ಉತ್ತರ ಬರೆಯುವ ಮಕ್ಕಳ ಪೇಪರು ತಿದ್ದುವಾಗ, ಉದ್ದವಾದ ವಾಕ್ಯದ ಕೊನೆಯವರೆಗೆ ಹೋಗುವ ಅಭ್ಯಾಸ ಪ್ಯಾಕೇಜಿನಿಂದ ಬರುವುದೇ ಎಂದು ಕೇಳಬೇಕೆನಿಸುತ್ತದೆ.

ಇನ್ನು ದಂಡದ ವಿಷಯ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಹಾವುಗಳ ಬಗೆಗಿನ ಪುಸ್ತಕ ಒಯ್ದವಳು ಮೂರು ವಾರ ನನ್ನ ಕಣ್ಣು ತಪ್ಪಿಸಿ ಓಡಾಡಿದಳು. ಕೊನೆಗೊಂದು ದಿನ ಪ್ಲಾಸ್ಟಿಕ್ ಕವರಿನಿಂದ ಪುಸ್ತಕ ತೆಗೆದು, "ಸರ್, ಮೇಕೆ ತಿಂದ್ಬಿಡ್ತು" ಎಂದಳು. ಎಲ್ಲಿಯವರೆಗೆ ಎಂದೆ. "ಹದಿನಾರನೇ ಪುಟದವರೆಗೆ ಸರ್. ಅಷ್ಟೊತ್ತಿಗೆ ನಾನು ಓದಿ ಮುಗಿಸಿದ್ದೆ." ಜಾಮಿಟ್ರಿ ಬಾಕ್ಸಿನಲ್ಲಿ ಹತ್ತರ ಆರು ನೋಟುಗಳನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು ಬಂದಿದ್ದಳು. ಆ ಅರವತ್ತು ರೂಪಾಯಿ ಕೂಡಿಸಲು ಮೂರು ವಾರ ಹಿಡಿದಿತ್ತು, ಅಷ್ಟು ದಿನ ಅವಳು ಬೇರೊಂದು ಪುಸ್ತಕ ಮುಟ್ಟಿರಲಿಲ್ಲ. ಹಣ ವಾಪಸು ಕೊಟ್ಟು, ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ "1ರಿಂದ 16ನೇ ಪುಟದವರೆಗೆ ಮೇಕೆ ತಿಂದಿದೆ" ಎಂದು ಬರೆದು ಸಹಿ ಹಾಕಿದೆ. ಆ ಷರಾ ಓದಿದ ಮೇಲೆ ಆ ಪುಸ್ತಕಕ್ಕೆ ಸರದಿ ನಿಂತಿತು. ತೆಗೆದುಕೊಂಡವರೆಲ್ಲ ಮೊದಲು ಅವಳ ಬಳಿ ಹೋಗಿ ಹದಿನಾರು ಪುಟ ಕೇಳಿಸಿಕೊಂಡು, ಆಮೇಲೆ ಹದಿನೇಳನೆಯ ಪುಟದಿಂದ ಓದಲು ಕೂರುತ್ತಿದ್ದರು.

ಈಗ ಅವಳು ಹತ್ತನೇ ತರಗತಿ. ಕಳೆದ ಮಾರ್ಚಿನಲ್ಲಿ ದಾಸ್ತಾನು ತಾಳೆ ಹಾಕಿದಾಗ ವರ್ಷದಲ್ಲಿ ಸುಮಾರು 1,400 ಸಲ ಪುಸ್ತಕಗಳು ಹೊರಗೆ ಹೋಗಿದ್ದವು, 19 ಸಿಗಲಿಲ್ಲ. ನಾನು ಮೆಚ್ಚಿಕೊಂಡ ನಿಯಮದ ಪ್ರಕಾರವೇ ನೋಡಿದರೂ ಏಳಕ್ಕಿಂತ ಹೆಚ್ಚು ಕಳೆಯುವಂತಿರಲಿಲ್ಲ. ಅದನ್ನು ಮುಚ್ಚಿಡದೆ, 19 ಪುಸ್ತಕಗಳ ಹೆಸರು ಬರೆದು, ದಾಸ್ತಾನಿನಿಂದ ಕೈಬಿಡಲು ಅನುಮತಿ ಕೋರಿ ಟಿಪ್ಪಣಿ ಸಲ್ಲಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ನನ್ನ ಕೈಯಿಂದಲೇ ಕಟ್ಟಬೇಕಾಗಿ ಬಂದರೂ ಬರಬಹುದು. ಮೊನ್ನೆ ಮುಖ್ಯೋಪಾಧ್ಯಾಯರು ಟಿಪ್ಪಣಿ ಮುಂದಿಟ್ಟುಕೊಂಡು, "ಆ ಮೇಕೆ ತಿಂದ ಪುಸ್ತಕವನ್ನೂ ಇದರಲ್ಲೇ ಸೇರಿಸಿಬಿಡಿ ಮೇಷ್ಟ್ರೇ, ಒಟ್ಟಿಗೆ ಮುಗಿಯುತ್ತೆ" ಎಂದರು. ಅದು ಸದ್ಯ ಎಂಟನೇ ತರಗತಿಯ ಹುಡುಗನೊಬ್ಬನ ಮನೆಯಲ್ಲಿದೆ, ಸೋಮವಾರ ವಾಪಸು ಬಂದ ಮೇಲೆ ನೋಡೋಣ ಎಂದಿದ್ದೇನೆ.