ಬಿಸಿನೀರಿಗೆ ಹೀಟರೇ ಇರಲಿ

ಹಳೆಯ ಸೋಲಾರ್ ವಾಟರ್ ಹೀಟರ್ ತೆಗೆದು, ಆ ಜಾಗದಲ್ಲೂ ಕರೆಂಟಿನ ಪ್ಯಾನೆಲ್ ಹಾಕಿ ಗೀಸರ್ ಬಳಸಿ ಎಂದು ಲೇಖನದಲ್ಲಿ ಹೇಳಿದ್ದೀರಿ. ಬೆಂಗಳೂರಿನ ಚಿಕ್ಕ ತಾರಸಿಗಳ ಮಟ್ಟಿಗೆ ನಾನಿದನ್ನು ಒಪ್ಪುವುದಿಲ್ಲ.

ಸಿಲಿಕಾನ್ ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 20ರಷ್ಟನ್ನು ಮಾತ್ರ ವಿದ್ಯುತ್ ಮಾಡುತ್ತದೆ. ಉಳಿದದ್ದರಲ್ಲಿ ಬಹುಪಾಲು ಪ್ಯಾನೆಲ್ಲನ್ನೇ ಕಾಯಿಸುತ್ತದೆ. ಕಾದಷ್ಟೂ ಅದರ ಉತ್ಪಾದನೆ ಕುಗ್ಗುತ್ತದೆ. ಅದೇ ಬಿಸಿಲನ್ನು ನೇರವಾಗಿ ನೀರಿಗೆ ಕೊಟ್ಟರೆ, ಒಳ್ಳೆಯ ಹೀಟರಿನಲ್ಲಿ ಅರ್ಧದಷ್ಟಾದರೂ ದಕ್ಕುತ್ತದೆ. ಜಾಗ ಕಡಿಮೆ ಇರುವವರಿಗೆ ಇದು ದೊಡ್ಡ ವ್ಯತ್ಯಾಸ ಅಲ್ವಾ?

ಹೀಟರಿನ ಕೆಲಸ ಎಷ್ಟು ಚೆಂದ ನೋಡಿ. ಕಪ್ಪು ಲೇಪನದ ತಾಮ್ರದ ಹಾಳೆ ಬಿಸಿಲು ಹೀರುತ್ತದೆ, ಅದಕ್ಕೆ ಬೆಸೆದ ಕೊಳವೆಯ ನೀರು ಕಾಯುತ್ತದೆ. ಕಾದ ನೀರು ಹಗುರ, ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ. ತಣ್ಣೀರು ಕೆಳಗಿಳಿಯುತ್ತದೆ. ಪಂಪ್ ಬೇಡ, ಇನ್ವರ್ಟರ್ ಬೇಡ. ಟ್ಯಾಂಕಿನ ಸುತ್ತ ಶಾಖ ಬಿಡದ ಹೊದಿಕೆ ಇರುವುದರಿಂದ ಮಧ್ಯಾಹ್ನದ ಬಿಸಿ ಮರುದಿನ ಬೆಳಿಗ್ಗೆಗೂ ಸಿಗುತ್ತದೆ.

ಇನ್ನೊಂದು ಮಾತು. ಬೆಳಿಗ್ಗೆ ಆರಕ್ಕೆ ಎಲ್ಲರೂ ಗೀಸರ್ ಹಾಕುತ್ತಾರೆ. ಆಗ ಪ್ಯಾನೆಲ್ ಮೇಲೆ ಬಿಸಿಲೇ ಇರುವುದಿಲ್ಲ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕೂಡ ಆ ಹೊತ್ತಿಗೆ ಕೈಕೊಡುತ್ತದೆ. ಹೊರೆಯೆಲ್ಲ ಕಲ್ಲಿದ್ದಲು, ಜಲವಿದ್ಯುತ್ತಿನಂಥ ಬೇರೆ ಮೂಲಗಳ ಮೇಲೆ.

ಗಡಸು ಬೋರ್‌ವೆಲ್ ನೀರಿನಿಂದ ಕೊಳವೆಯಲ್ಲಿ ಸುಣ್ಣ ಕಟ್ಟುವುದು ನಿಜ. ಅದಕ್ಕೆ ಹೀಟರನ್ನೇ ಸುಮ್ನೆ ಕಿತ್ತುಹಾಕಬೇಡಿ. ಹೀಟ್ ಎಕ್ಸ್‌ಚೇಂಜರ್ (ಬಿಸಿಲಿಗೆ ಕಾಯುವ ಕೊಳವೆಗೆ ಬೋರ್‌ವೆಲ್ ನೀರು ಹೋಗದೆ, ಅಲ್ಲಿ ಕಾದ ಬೇರೆ ದ್ರವದಿಂದ ಬಿಸಿ ಪಡೆಯುವ ವ್ಯವಸ್ಥೆ) ಇರುವ ಮಾದರಿ ಕೇಳಿ ತೆಗೆದುಕೊಳ್ಳಿ. ಮಿಕ್ಕ ತಾರಸಿಯಲ್ಲಿ ಧಾರಾಳವಾಗಿ ಪ್ಯಾನೆಲ್ ಹಾಕಿ, ಫ್ಯಾನು, ಫ್ರಿಜ್ಜು ಓಡಿಸಿ.